ಅತ್ತೆಗೆ ಪೌಡರ್ ಹಚ್ಚಿದ್ದು

ಇವತ್ತು ಬೆಳಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಕಾಂಪ್ಯಾಕ್ಟ್ ಡಬ್ಬಿ ಕೈಜಾರಿ ಬಿತ್ತು. ಪೌಡರ್ ನೆಲದ ತುಂಬ ಚೆಲ್ಲಿ ಕೋಣೆಯೆಲ್ಲ ಘಮಘಮ. ಬಟ್ಟೆ ತಂದು ಒರೆಸುತ್ತ ಕೂತವಳಿಗೆ ಅತ್ತೆಗೆ ಮೊದಲ ಸಲ ಮೇಕಪ್ ಮಾಡಿದ ದಿನ ನೆನಪಾಯಿತು. ನಿಮಗೂ ಹೇಳಿಬಿಡುತ್ತೇನೆ.

ನಮ್ಮ ಅತ್ತೆ ಸರೋಜಮ್ಮ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದವರು. ಕೂದಲೆಳೆಗಿಂತ ಸಣ್ಣ ತಂತಿಗಳನ್ನು ಜೋಡಿಸುವ ಕೆಲಸ. ಧೂಳಿನ ಕಣವೂ ಸುಳಿಯಬಾರದ ಆ ಕೋಣೆಯೊಳಗೆ ಹೋಗುವವರು ಪೌಡರ್, ಕಾಡಿಗೆ, ಕುಂಕುಮ ಏನನ್ನೂ ಹಚ್ಚಿಕೊಳ್ಳುವಂತಿರಲಿಲ್ಲ. ತಲೆಗೆ ಬಿಳಿ ಟೋಪಿ, ಮೂಗು ಬಾಯಿಗೆ ಮಾಸ್ಕು, ಮೈಗೆ ಕೋಟು. ಆ ಕೋಣೆಯ ಶಿಸ್ತು ಮನೆಗೂ ಬಂದುಬಿಟ್ಟಿತ್ತು. ಎಂಥ ಮದುವೆಗೇ ಆಗಲಿ, ಅತ್ತೆ ತೊಳೆದ ಮುಖಕ್ಕೊಂದು ಸ್ಟಿಕರ್ ಬೊಟ್ಟು ಅಂಟಿಸಿಕೊಂಡು ಹೊರಟುಬಿಡುತ್ತಿದ್ದರು. ನಾನೋ, ಪೌಡರ್ ಇಲ್ಲದೆ ಬಾಗಿಲು ದಾಟದವಳು. ಸೊಸೆಯಾಗಿ ಬಂದ ಹೊಸದರಲ್ಲಿ ನಾನು ಅಡುಗೆಮನೆಗೆ ಕಾಲಿಟ್ಟರೆ ಅವರು ಹಿಟ್ಟಿನ ಡಬ್ಬಿಯ ಮುಚ್ಚಳ ಮುಚ್ಚುತ್ತಿದ್ದರು. ಬೈದಿದ್ದರೆ ವಾಸಿಯಿತ್ತು, ನಾನೂ ಒಂದು ಮಾತಾಡಬಹುದಿತ್ತು. ಬೈಯುತ್ತಿರಲಿಲ್ಲ. ಜಗಳವೂ ಇಲ್ಲ, ಸಲಿಗೆಯೂ ಇಲ್ಲ. “ಊಟ ಆಯ್ತೇನಮ್ಮ?” “ಆಯ್ತು ಅತ್ತೆ.” ದಿನದ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಅವರು ರಿಟೈರ್ ಆಗುವ ತಿಂಗಳು, ಬೀಳ್ಕೊಡುಗೆಯ ದಿನ ವೇದಿಕೆಯಲ್ಲಿಡಲು ಒಂದು ದೊಡ್ಡ ಫೋಟೋ ಬೇಕೆಂದು ಸೆಕ್ಷನ್ನಿನವರು ಕೇಳಿದರಂತೆ. ಅತ್ತೆ ಬೀರು ತೆಗೆದು ಕಾರ್ಖಾನೆಯ ಗ್ರೂಪ್ ಫೋಟೋಗಳನ್ನೆಲ್ಲ ಮಂಚದ ಮೇಲೆ ಹರಡಿದರು. ನೋಡಿದರೆ ಎಲ್ಲದರಲ್ಲೂ ಟೋಪಿ ಮಾಸ್ಕುಗಳ ಸಾಲು.

“ಇದ್ರಲ್ಲಿ ನೀವ್ಯಾರು ಅತ್ತೆ?”

“ಈ ತುದೀಲಿದೀನಲ್ಲ... ಇರಮ್ಮ, ಇದು ಮೇರಿ ಅನ್ಸುತ್ತೆ.”

ಹೇಳಿ ತಾವೇ ನಕ್ಕರು. ಆಮೇಲೆ ಫೋಟೋಗಳನ್ನು ಒಂದೊಂದಾಗಿ ಒಟ್ಟು ಮಾಡತೊಡಗಿದರು. “ಇಷ್ಟು ವರ್ಷ ದುಡ್ದಿದೀನಿ, ಮುಖ ಕಾಣೋದು ಒಂದೂ ಇಲ್ವಲ್ಲಮ್ಮ. ಹೋಗೋ ದಿನಾನಾದ್ರೂ ಎಲ್ರೂ ನನ್ ಮುಖ ನೋಡ್ಲಿ. ಸ್ವಲ್ಪ ಹಚ್ಕೊಡ್ತೀಯಾ?”

ನನಗೆ ಕೊಂಬು ಬಂತು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತ ವಿದ್ಯೆಯನ್ನೆಲ್ಲ ಆ ಒಂದು ಮುಖದ ಮೇಲೆ ಪ್ರಯೋಗಿಸಿದೆ. ಬ್ರಷ್ ಹತ್ತಿರ ಬಂದಾಗಲೆಲ್ಲ ಅತ್ತೆ ಉಸಿರು ಬಿಗಿಹಿಡಿಯುತ್ತಿದ್ದರು.

“ಉಸಿರಾಡಿ ಅತ್ತೆ!”

“ಪುಡಿ ಹಾರುತ್ತಲ್ಲಮ್ಮ.”

“ಹಾರ್ಲಿ ಬಿಡಿ. ಇಲ್ಲಿ ಯಾವ ಪೀಸೂ ರಿಜೆಕ್ಟ್ ಆಗಲ್ಲ.”

ಮುಗಿಸಿ ಕನ್ನಡಿ ಹಿಡಿದೆ. ಅತ್ತೆ ಬಹಳ ಹೊತ್ತು ನೋಡಿದರು. “ಚೆನ್ನಾಗಿದಾಳೆ ಕಣಮ್ಮ,” ಎಂದರು. “ಯಾರಿವ್ಳು?”

ನಗಲು ಹೋದವಳು ಅವರ ಮುಖ ನೋಡಿ ಕನ್ನಡಿ ಕೆಳಗಿಳಿಸಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. “ಒಂದು ಮಾಸ್ಕ್ ತೆಗೆದು ಇನ್ನೊಂದು ಹಾಕ್ದಂಗಿದೆ,” ಎಂದು ಮೆಲ್ಲಗೆ ಅಂದರು.

ಮುಖ ತೊಳೆಸಿದೆ. ಎರಡನೆಯ ಸಲ ಬ್ರಷ್ಷು ಗಿಷ್ಷು ಎಲ್ಲ ಪಕ್ಕಕ್ಕಿಟ್ಟು ಬೆರಳಲ್ಲೇ ಒಂದಿಷ್ಟು ಪೌಡರ್ ತೀಡಿದೆ. ಒಂದೇ ಸೂರಿನಡಿ ಇದ್ದೂ ನಾನು ಅವರ ಮುಖ ಮುಟ್ಟಿದ್ದು ಅದೇ ಮೊದಲು. ಮೂಗಿನ ಮೇಲೆ ಮಾಸ್ಕಿನ ತಂತಿ ಕೂತು ಕೂತು ಒಂದು ಕಪ್ಪು ತಗ್ಗಾಗಿತ್ತು. ಮೊದಲ ಸಲ ಅದನ್ನು ನಾಲ್ಕು ಪದರ ಹಚ್ಚಿ ಮುಚ್ಚಿದ್ದೆ. ಈಗ ಹಾಗೇ ಬಿಟ್ಟೆ. ಕಣ್ಣಿಗೆ ಕಾಡಿಗೆ ಎಳೆಯುವಾಗ ರೆಪ್ಪೆ ಅದುರಿತು. ಇಷ್ಟು ಚೆಂದದ ಕಣ್ಣನ್ನು ನಾನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ ಅನ್ನಿಸಿ ನಾಚಿಕೆಯಾಯಿತು.

ಕ್ರಾಸಿನ ಸ್ಟುಡಿಯೋದಲ್ಲಿ ಇನ್ನೊಂದು ಪೇಚಾಟ. “ಅಮ್ಮ, ಸ್ವಲ್ಪ ನಗಿ,” ಎಂದ ಫೋಟೋದವನು.

“ನಗ್ತಾನೇ ಇದೀನಲ್ಲಪ್ಪ!”

ನಿಜಕ್ಕೂ ನಗುತ್ತಿದ್ದರು, ಆದರೆ ಕಣ್ಣಲ್ಲಿ ಮಾತ್ರ. ಮಾಸ್ಕಿನ ಹಿಂದೆ ತುಟಿ ಅರಳಿಸಿ ಯಾರಿಗೆ ತೋರಿಸಬೇಕಿತ್ತು ಹೇಳಿ? ನಾನು ಕ್ಯಾಮೆರಾ ಪಕ್ಕ ನಿಂತು ಹಲ್ಲುಬಿಟ್ಟು ಅಣಕಿಸಿದೆ. ಅತ್ತೆ ಕಿಸಕ್ಕನೆ ನಕ್ಕರು, ಅವನು ಬಟನ್ ಒತ್ತಿಬಿಟ್ಟ.

ಬೀಳ್ಕೊಡುಗೆಗೆ ನಾವೂ ಹೋಗಿದ್ದೆವು. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫೋಟೋ ಮುಂದೆ ನಿಂತು, ಅದರ ಮೂಗು ಬಾಯಿಗೆ ಅಂಗೈ ಅಡ್ಡ ಹಿಡಿದು ನೋಡಿ, “ಹಾಂ, ನಮ್ ಸರೋಜಮ್ಮ ಮೇಡಮ್ಮೇ!” ಎಂದಳು. ಕೈ ತೆಗೆದು, “ಇಷ್ಟು ಚೆನ್ನಾಗಿ ನಗ್ತೀರಾ ಮೇಡಂ ನೀವು?” ಎಂದು ಕೇಳಿದಳು. ಹಾರ ಹಾಕಿಸಿಕೊಂಡಾಗಲೂ ಅಳದ ಅತ್ತೆ ಆಗ ಅತ್ತುಬಿಟ್ಟರು. ಕಾಡಿಗೆ ಕೆನ್ನೆಗಿಳಿಯಿತು.

ಈಗ ಅತ್ತೆ ಕೊತ್ತಂಬರಿ ಸೊಪ್ಪು ತರಲು ಹೋಗುವಾಗಲೂ ಪೌಡರ್ ಹಚ್ಚಿಕೊಳ್ಳುತ್ತಾರೆ. ಬೆಳಗ್ಗೆ ನಾನು ನೆಲ ಒರೆಸುತ್ತ ಮೈಮರೆತಿದ್ದಾಗ ಬಾಗಿಲಲ್ಲಿ ಬಂದು ನಿಂತವರು, “ಚೆಲ್ಕೊಂಡ್ಯಾ? ಹೋಗ್ಲಿ ಬಿಡೇ, ಬಾ ಇಲ್ಲಿ,” ಎಂದರು. ಮಂಚದ ಮೇಲೆ ಕೂರಿಸಿ, ತಮ್ಮ ಡಬ್ಬಿಯಿಂದ ಪೌಡರ್ ತೆಗೆದು ನನ್ನ ಹಣೆಗೆ, ಕೆನ್ನೆಗೆ ಹಚ್ಚಿದರು. ಬೆರಳು ಗಲ್ಲದ ಹತ್ತಿರ ಬಂದು ನಿಂತಿತು. ಅಲ್ಲಿ ನನಗೊಂದು ಮಚ್ಚೆಯಿದೆ. ಕಾಲೇಜು ಸೇರಿದಾಗಿನಿಂದ ಅದನ್ನು ಮುಚ್ಚದೆ ನಾನು ಯಾರೆದುರೂ ಬಂದವಳಲ್ಲ.

“ಇಲ್ಲೇ ಇದೆಯಲ್ಲೇ!” ಎಂದರು ಅತ್ತೆ. “ನಿನ್ ಚಿಕ್ಕಂದಿನ ಫೋಟೋ ನಿಮ್ಮಮ್ಮ ತೋರ್ಸಿದ್ರು, ಅದ್ರಲ್ಲಿತ್ತು. ಎಲ್ಲೋಯ್ತು ಈ ಮಚ್ಚೆ ಅಂತ ನೀನು ಈ ಮನೆಗೆ ಬಂದಾಗ್ಲಿಂದ ನೋಡ್ತಾನೇ ಇದೀನಿ.”

ಇವತ್ತು ಆಫೀಸಿನಲ್ಲಿ ಮೂವರು ಅದೇನು ಎಂದು ಕೇಳಿದರು. ಮಚ್ಚೆ, ಮೊದಲಿಂದಲೂ ಇದೆ ಎಂದೆ.