ಮಾತು ಕೇಳದ ಮುಖ

ಅಣ್ಣನ ಹೆಂಡತಿ, ನಮ್ಮ ವೈನಿ, ಕೂಸಿಗೆ ಉಣಿಸುವಾಗ ಕೂಸಿನ ಬಾಯಿಗಿಂತ ಮೊದಲು ಅವರ ಬಾಯಿಯೇ ತೆರೆಯುತ್ತಿತ್ತು. ಅಷ್ಟಾದರೆ ಎಲ್ಲ ತಾಯಂದಿರದೂ ಅದೇ ಕತೆ. ಆದರೆ ವೈನಿಯ ಮುಖ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಎದುರಿಗೆ ಯಾರು ಕುಳಿತರೂ ಇವರ ಹುಬ್ಬು, ಗಲ್ಲ, ತುಟಿ ಅವರ ಹಿಂದೆಯೇ ಹೊರಟುಬಿಡುತ್ತಿದ್ದವು. ಪಕ್ಕದ ಮನೆಯವಳು ಹಲ್ಲುನೋವೆಂದು ಬಂದರೆ ಇವರ ಗಲ್ಲ ಒಳಕ್ಕೆ ಸೇದುತ್ತಿತ್ತು. ಅಣ್ಣ ಮೊಬೈಲಿನ ಸಣ್ಣ ಅಕ್ಷರ ಓದಲು ಕಣ್ಣು ಕಿರಿದು ಮಾಡಿದರೆ ರೊಟ್ಟಿ ಬಡಿಯುತ್ತಿದ್ದ ಇವರ ಕಣ್ಣೂ ಕಿರಿದಾಗುತ್ತಿದ್ದವು. ನಾನು ನಕ್ಕರೆ ಅವರಿಗೆ ನಾಚಿಕೆ.

"ನಾ ಏನ್ ಮಾಡ್ಲಿ ತಂಗಿ, ಈ ಮಾರಿ ನನ್ನ ಮಾತೇ ಕೇಳಂಗಿಲ್ಲ" ಎನ್ನುತ್ತಿದ್ದರು.

ವೈನಿಯ ತವರು ಚಿಂಚೋಳಿ ಕಡೆಯ ಒಂದು ಹಳ್ಳಿ. ಶಹಾಬಾದಿನ ನಮ್ಮ ಮನೆಗೆ ಬಂದ ಮೊದಲ ವರ್ಷದಲ್ಲೇ ಓಣಿಯ ಹೆಂಗಸರೆಲ್ಲ ತಮ್ಮ ಸುಖದುಃಖ ತಂದು ಇವರ ಮುಂದೆ ಸುರಿಯತೊಡಗಿದರು. ಇವರು ಬುದ್ಧಿ ಹೇಳುತ್ತಿರಲಿಲ್ಲ, ಸಮಾಧಾನವನ್ನೂ ಹೇಳುತ್ತಿರಲಿಲ್ಲ. ನಾಲ್ಕು ತಿಂಗಳ ಬಸಿರು ಇಳಿದುಹೋದ ಮೇಲೆ ನಾನು ತವರಿಗೆ ಬಂದಾಗ ಎಲ್ಲರೂ "ಹೋಗ್ಲಿ ಬಿಡು, ಇನ್ನೊಂದು ಆಗ್ತದ" ಅಂದರು. ನಾನೂ ತಲೆಯಾಡಿಸಿದೆ. ಅಡುಗೆಮನೆಯಲ್ಲಿ ವೈನಿಯ ಎದುರು ಕುಳಿತು ಆಸ್ಪತ್ರೆಯ ವಿಷಯ ಹೇಳತೊಡಗಿದಾಗ ಅವರ ಗದ್ದ ನಡುಗಿತು. ನನ್ನ ಗದ್ದವೂ ನಡುಗುತ್ತಿದೆಯೆಂದು ತಿಳಿದದ್ದು ಆಗಲೇ. ಅವತ್ತು ನಾನು ಮನಸಾರೆ ಅತ್ತೆ.

ಮೂರು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಸ್ವಾಧೀನ ತಪ್ಪಿತು, ಬಾಯಿ ಎಡಕ್ಕೆ ಸೊಟ್ಟಗಾಯಿತು. ಓಣಿಯಲ್ಲೇ ಚೆಲುವೆ ಎನಿಸಿಕೊಂಡಿದ್ದ ಅವ್ವ ಆಸ್ಪತ್ರೆಯಿಂದ ಬಂದವಳೇ ಮನೆಯ ಕನ್ನಡಿಗಳನ್ನೆಲ್ಲ ತೆಗೆಸಿದಳು. ಮೀಯಿಸುವುದು, ತಲೆ ಬಾಚುವುದು, ಹಾಲಿನಲ್ಲಿ ರೊಟ್ಟಿ ನೆನೆಸಿ ಉಣಿಸುವುದು ಎಲ್ಲ ವೈನಿಯ ಪಾಲಿಗೆ ಬಂತು. ಉಣಿಸುತ್ತ ಉಣಿಸುತ್ತ ಅವರ ಬಾಯಿಯೂ ಎಡಕ್ಕೆ ಎಳೆಯುತ್ತಿತ್ತು. ಅದು ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವ್ವನಿಗೆ ಮಾತ್ರ ಅದೊಂದೇ ಕಾಣುತ್ತಿತ್ತು.

ನಾನು ಚಿತ್ತಾಪುರದಲ್ಲಿ ನೌಕರಿಯಲ್ಲಿದ್ದೆ. ಒಂದು ಶನಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಮನೆಗೆ ಬಂದಾಗ ನಡುಮನೆಯ ಹಾಸುಗಲ್ಲಿನ ತುಂಬ ಹಾಲು, ರೊಟ್ಟಿ. ತಾಟನ್ನು ಎಡಗೈಯಲ್ಲಿ ತೂರಿದ್ದಳು ಅವ್ವ.

"ನಕಲಿ ಮಾಡ್ತಾಳ ನನ್ನ. ಮನ್ಯಾಗಿನ ಕನ್ನಡಿ ತೆಗಸೀನಿ, ಈಕಿ ತನ್ನ ಮಾರಿನೇ ಕನ್ನಡಿ ಮಾಡ್ಕೊಂಡು ಮುಂದ ಕುಂದರ್ತಾಳ!"

"ಅವ್ವಾ, ಅದು ತಾನೇ ಆಗ್ತದ. ಒಬ್ಬರು ಆಕಳಿಸಿದ್ರ ಇನ್ನೊಬ್ಬರಿಗಿ ಆಕಳಿಕಿ ಬರಂಗಿಲ್ಲೇನು?"

"ಆಕಳಿಕಿ ಬ್ಯಾರೆ, ಇದು ಬ್ಯಾರೆ. ನನಗಿ ಹೇಳಿಕೊಡಬ್ಯಾಡ."

ಕಲಬುರಗಿಯ ಡಾಕ್ಟರೂ ತಾಳ್ಮೆಯಿಂದ ತಿಳಿಸಿ ಹೇಳಿದರು. "ಇದು ಅಣಕಸೂದಲ್ರಿ ಅಮ್ಮ. ಎದುರಿಗಿದ್ದವರ ಮಾರಿ ನೋಡಿ ನಮ್ಮ ಮಾರಿ ತಾನೇ ಹೊಳ್ಳತದ. ಎಲ್ಲಾರಿಗೂ ಇರ್ತದ, ಇವರಿಗಿ ಜರಾ ಜಾಸ್ತಿ ಅದ. ನಿಮ್ಮ ಬ್ಯಾನಿ ಅವರಿಗಿ ಮುಟ್ಟಲಿಕತ್ತದ ಅಂತ ತಿಳೀರಿ." ಅವ್ವ ಹೊರಗೆ ಬಂದು, "ಡಾಕ್ಟರ್‌ಗ ನೀವೇ ಹೇಳಿಕೊಟ್ಟೀರಿ" ಅಂದಳು. ಅದನ್ನು ನೆನೆದರೆ ನನಗೆ ಇಂದಿಗೂ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಅವ್ವ ದಡ್ಡಿಯಾಗಿರಲಿಲ್ಲ. ಅಣ್ಣನಾದರೂ ಹೆಂಡತಿಯ ಪರ ನಿಂತನೇ? "ನೀನೇ ಜರಾ ಮಾರಿ ಸಂಭಾಳಿಸ್ಕೊ" ಅಂದ, ಏನೋ ಸೀರೆಯ ಸೆರಗು ಸರಿಮಾಡಿಕೊ ಎಂಬಂತೆ.

ವೈನಿ ಮೊದಲು ಮುಖಕ್ಕೆ ಮಾಸ್ಕ್ ಹಾಕಿಕೊಂಡರು. "ನನ್ನ ಮೈ ವಾಸನಿ ಬರ್ತದೇನು?" ಎಂದು ಅವ್ವ ಕೂಗಾಡಿದಳು. ಆಮೇಲೆ ಅವರು ಗಲ್ಲವನ್ನು ಒಳಗಿನಿಂದ ಹಲ್ಲಿನಲ್ಲಿ ಕಚ್ಚಿ ಹಿಡಿಯುವುದನ್ನು ಕಲಿತರು. ತುಟಿ ಅಲುಗದಂತೆ, ಹುಬ್ಬು ಏರದಂತೆ. ಊಟಕ್ಕೆ ಕುಳಿತಾಗ ಚಟ್ನಿಪುಡಿ ಮುಟ್ಟದಿರುವುದನ್ನು ನೋಡಿ ನಾನು ಒತ್ತಾಯಮಾಡಿ ಬಾಯಿ ತೆರೆಸಿದೆ. ಗಲ್ಲದ ಒಳಗೆಲ್ಲ ಹುಣ್ಣು.

"ವೈನಿ, ಯಾಕಿಷ್ಟು? ಬಿಟ್ಟುಬಿಡ್ರಿ, ಒಬ್ಬ ಹೆಣ್ಮಗಳನ್ನ ಇಡೋಣು."

"ಆಕಿ ಉಣ್ಣಬೇಕಲ್ಲ ತಂಗಿ. ಸಿಟ್ಟಿಗೆದ್ರ ತುತ್ತು ಗಂಟಲಿಗಿ ಸಿಗ್ತದ."

ಹೆಣ್ಣಾಳು ಬಂದಳು. ಅವ್ವ ಅವಳ ಕೈತುತ್ತು ತಿನ್ನಲಿಲ್ಲ. ವೈನಿಯೇ ಬೇಕು. ವೈನಿ ಕುಳಿತರೆ ಹೊಸ ದೂರು: "ಕಲ್ಲು ಮಾರಿ ಮಾಡ್ಕೊಂಡು ಉಣಸ್ತಾಳ. ಹೆಣಕ್ಕ ಉಣಿಸಿದಂಗ." ಮುಖ ಅಲುಗಿದರೂ ತಪ್ಪು, ಅಲುಗದಿದ್ದರೂ ತಪ್ಪು. ಮಕ್ಕಳಾದ ನಾವು ಹೊಸ್ತಿಲಲ್ಲಿ ನಿಂತು ಜಗಳ ಬಿಡಿಸುತ್ತಿದ್ದೆವು. ತಾಟು ಹಿಡಿದು ಅವ್ವನ ಎದುರು ಕುಳಿತವರು ವೈನಿ ಒಬ್ಬರೇ.

ಹೋದ ಬೇಸಿಗೆಯಲ್ಲಿ ಎರಡನೇ ಸಲ ಲಕ್ವಾ ಹೊಡೆದು ಅವ್ವ ತೀರಿಕೊಂಡಳು. ಒಂದು ಒಳ್ಳೆಯ ಮಾತು ಆಡಿ ಹೋದಳೇ ಎಂದು ಕೇಳುವವರಿಗೆ ಹೇಳುತ್ತೇನೆ, ಇಲ್ಲ. ಹೆಣದ ಸುತ್ತ ಹೆಂಗಸರು ಹಾಡಿ ಅಳುವಾಗ ವೈನಿಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

"ಸೊಸಿಗಿ ಕಣ್ಣಾಗ ಒಂದು ಹನಿ ನೀರಿಲ್ಲ ನೋಡವ್ವ" ಎಂದಳು ಅವರಲ್ಲಿ ಒಬ್ಬಳು.

ನನಗೆ ತಡೆಯಲಾಗಲಿಲ್ಲ. "ಎರಡು ವರ್ಷ ನೀವ್ಯಾರರ ಬಂದು ಒಂದು ತುತ್ತು ಉಣಿಸೀರೇನು?" ಎಂದು ಚೀರಿದೆ. ವೈನಿಯೇ ನನ್ನ ರಟ್ಟೆ ಹಿಡಿದು ಒಳಗೆ ಕರೆದೊಯ್ದರು.

ಈಗ ಹುಣ್ಣು ಮಾಯ್ದಿವೆ. ಕಚ್ಚಿ ಹಿಡಿಯುವ ಕಾರಣವೂ ಉಳಿದಿಲ್ಲ. ಆದರೂ ಆ ಮುಖ ಬಿಚ್ಚಿಕೊಂಡಿಲ್ಲ. ಓಣಿಯ ಹೆಂಗಸರು ಬರುವುದು ನಿಂತಿದೆ. ವೈನಿಗೆ ಸೊಕ್ಕು ಬಂದಿದೆ ಅನ್ನುತ್ತಾರಂತೆ. ಕಳೆದ ತಿಂಗಳು ನಾನು ಹೋಗಿದ್ದೆ. ಗಂಡನಿಗೆ ದೂರದ ಊರಿಗೆ ವರ್ಗವಾಗಿರುವುದು, ಮನೆ ಎರಡಾಗಿರುವುದು, ಒಬ್ಬಳೇ ಇರಲು ನನಗೆ ಆಗದಿರುವುದು ಎಲ್ಲ ಹೇಳುತ್ತ ಅವರ ಮುಖವನ್ನೇ ನೋಡುತ್ತಿದ್ದೆ. ಮಾತು ಮಧ್ಯದಲ್ಲೇ ತಾನಾಗಿ ನಿಂತುಹೋಯಿತು.

ವೈನಿಗೆ ತಿಳಿಯಿತು. ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, "ಕೇಳಾಕತ್ತೀನಿ ತಂಗಿ, ಹೇಳು" ಅಂದರು. ಹಾಗೆಂದು ಅವರು ಬಾಯಿಬಿಟ್ಟು ಹೇಳಬೇಕಾಗಿ ಬಂದದ್ದು ಅದೇ ಮೊದಲು.