ರೈಟ್ ಕೊಡದ ದಿನ

ಈ ಬೆಳಿಗ್ಗೆ ಬಸ್ಸಿನ ಮುಂದಿನ ಗಾಜು ಒರೆಸಿದ ಬಟ್ಟೆ ಹಳದಿಯಾಗಿತ್ತು. ಅರಸಿನದ ಹಳದಿಯಲ್ಲ, ಅದಕ್ಕಿಂತ ಮಾಸಲು. ರಸ್ತೆ ಬದಿಯ ಅಕೇಶಿಯಾ ಹೂ ಬಿಟ್ಟಿದೆ, ಅದರ ಪುಡಿ. ಬೇರೆಯವರಿಗೆ ಹಳೆಯ ನೆನಪುಗಳು ಪರಿಮಳದಿಂದ ಬರುತ್ತವಂತೆ... ನನ್ನ ಮೂಗಿಗೆ ಆ ಭಾಗ್ಯವಿಲ್ಲ. ಈ ಹೂ ಶುರುವಾಯಿತೆಂದರೆ ಅದಕ್ಕೆ ಮಲ್ಲಿಗೆಯೂ ಒಂದೇ, ಡೀಸೆಲ್ಲೂ ಒಂದೇ. ಬಟ್ಟೆ ನೋಡಿದ ಕೂಡಲೇ ಎದೆ ಧಸಕ್ಕೆಂದಿತು. ಎಷ್ಟು ವರ್ಷವಾದರೂ ಈ ಹೆದರಿಕೆ ಹೋಗುವುದಿಲ್ಲ. ಅದರ ಹಿಂದೆಯೇ ಕಂಡಕ್ಟರಣ್ಣ ನೆನಪಾದರು.

ಉಡುಪಿಯಿಂದ ಹೊರಟು ಮಣಿಪಾಲ, ಹಿರಿಯಡ್ಕ, ಕಾರ್ಕಳ ದಾಟಿ ಬಜಗೋಳಿಗೆ ಹೋಗುವ ಖಾಸಗಿ ಬಸ್ಸಿಗೆ ನಾನು ಡ್ರೈವರ್, ಅವರು ಕಂಡಕ್ಟರ್. ಒಂಬತ್ತು ವರ್ಷ ಒಂದೇ ಬಸ್ಸಿನಲ್ಲಿ ದುಡಿದೆವು. ನನಗಿಂತ ಹತ್ತು ವರ್ಷ ದೊಡ್ಡವರು. ಕಾಪುವಿನ ಕಡಲಬದಿಯ ಮನೆ. ಅಣ್ಣತಮ್ಮಂದಿರೆಲ್ಲ ಬೋಟಿಗೆ ಹೋಗುವವರು, ಇವರೊಬ್ಬರಿಗೆ ಮಾತ್ರ ಬೋಟು ಹತ್ತಿದರೆ ವಾಂತಿ. ಹಾಗಾಗಿ ರಸ್ತೆಗೆ ಬಂದವರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆದದ್ದನ್ನು ಕಂಡಿದ್ದರೆ "ಎಂತ ಮಾರಾಯ, ನನ್ನನ್ನು ಪುಸ್ತಕದ ಮನುಷ್ಯ ಮಾಡಿಬಿಟ್ಟೆಯಲ್ಲ" ಎಂದು ನಗುತ್ತಿದ್ದರು.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಉಂಟು. ಕಂಡಕ್ಟರ್ ಒಮ್ಮೆ ವಿಶಿಲ್ ಊದಿದರೆ ನಿಲ್ಲಿಸಬೇಕು, ಎರಡು ಸಲ ಊದಿ "ರೈಟ್" ಅಂದರೆ ಮಾತ್ರ ಹೊರಡಬೇಕು. ಡ್ರೈವರ್ ಎಷ್ಟೇ ದೊಡ್ಡ ಗಂಡಾಗಲಿ, ರೈಟ್ ಸಿಗದೆ ಬಸ್ಸನ್ನು ಒಂದು ಗೇಣೂ ಮುಂದೆ ಬಿಡುವ ಹಾಗಿಲ್ಲ. ಹತ್ತುವವರು, ಇಳಿಯುವವರು ಕಾಣುವುದು ಅವರಿಗೆ ತಾನೆ.

ಮೂವತ್ತೊಂಬತ್ತನೆಯ ವಯಸ್ಸಿನವರೆಗೆ ನನಗೆ ಶೀತವೆಂದರೆ ಏನೆಂದೂ ಗೊತ್ತಿರಲಿಲ್ಲ. ಮಳೆಗೆ ನೆನೆದು ಹಾಗೆಯೇ ಸ್ಟೀರಿಂಗ್ ಹಿಡಿದವನು ನಾನು. ಆ ವರ್ಷ ಮಳೆ ನಿಂತು ಚಳಿ ಇನ್ನೂ ಬಾರದ ದಿನಗಳಲ್ಲಿ, ಬಜಗೋಳಿ ರಸ್ತೆಯ ಅಕೇಶಿಯಾ ತೋಪಿನ ಹತ್ತಿರ ಮೊದಲು ಅಂಗುಳು ತುರಿಸಿತು. ಆಮೇಲೆ ಸೀನು. ಒಂದು, ಎರಡು, ನಾಲ್ಕು... ನಿಲ್ಲುವುದೇ ಇಲ್ಲ. ಕಣ್ಣಿನಿಂದ ನೀರು ಧಾರೆ. ಏಳನೆಯದು ಮುಗಿಸಿ ಕಣ್ಣು ಬಿಡುವಾಗ ಬಸ್ಸು ರಸ್ತೆಯ ನಡುವಿನ ಬಿಳಿ ಗೆರೆ ದಾಟಿ ಆಚೆಗೆ ಹೋಗಿತ್ತು. ಎದುರಿನಿಂದ ಯಾರೂ ಬರಲಿಲ್ಲ, ನಮ್ಮ ಪುಣ್ಯ.

ಎರಡು ದಿನದಲ್ಲಿ ಹೋಗುತ್ತದೆಂದುಕೊಂಡೆ. ಎರಡು ತಿಂಗಳಾದರೂ ಹೋಗಲಿಲ್ಲ. ಹೆಂಡತಿ ಕರಿಮೆಣಸಿನ ಕಷಾಯ ಮಾಡಿದಳು, ಬಿಸಿನೀರಿನ ಹಬೆ ಹಿಡಿಸಿದಳು, ಸಾಂಬ್ರಾಣಿ ಸೊಪ್ಪು ಅರೆದು ನೆತ್ತಿಗೆ ಹಾಕಿದಳು. ಮೂಗು ಕೆಂಪಾಗಿ ಸುಲಿದದ್ದಷ್ಟೇ ಲಾಭ. ಬೆಳಿಗ್ಗೆ ಎದ್ದ ಕೂಡಲೇ ಅದೇ ಲೆಕ್ಕ ಶುರು. ಇವತ್ತು ಎಲ್ಲಿ ಬರುತ್ತದೆ? ತಿರುವಿನಲ್ಲಿ ಬಂದರೆ? ಇಳಿಜಾರಿನಲ್ಲಿ ಬಂದರೆ? ಒಂದು ಸೀನು ಮುಗಿಯುವುದರೊಳಗೆ ಬಸ್ಸು ಎಷ್ಟು ದೂರ ಹೋಗುತ್ತದೆಂದು ಕರೆಂಟ್ ಕಂಬ ನೋಡಿ ಅಂದಾಜು ಮಾಡುತ್ತಿದ್ದೆ. ನಾಲ್ಕು ಸೀನಿಗೆ ಎರಡು ಕಂಬ. ಹಿಂದೆ ಕುಳಿತವರಲ್ಲಿ ಒಬ್ಬರಿಗಾದರೂ ಗೊತ್ತಿತ್ತೇ, ಎರಡು ಕಂಬದ ದೂರ ತಮ್ಮ ಬಸ್ಸಿಗೆ ಕಣ್ಣಿಲ್ಲವೆಂದು?

ಕಂಡಕ್ಟರಣ್ಣನಿಗೆ ಮೊದಲ ದಿನವೇ ಗೊತ್ತಾಗಿತ್ತು. "ಡಾಕ್ಟರಿಗೆ ತೋರಿಸು" ಎಂದರು. ನಾನು ಒಪ್ಪಲಿಲ್ಲ. ಡಾಕ್ಟರು ಏನಾದರೂ ಬರೆದುಬಿಟ್ಟರೆ? ಆ ಚೀಟಿ ಮಾಲಕರ ಕೈಗೆ ಹೋದರೆ? ಡ್ರೈವಿಂಗ್ ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ? ಹಾಗೆಲ್ಲ ಹೇಳಿ ಅವರ ಬಾಯಿ ಮುಚ್ಚಿಸಿದೆ.

ಆಮೇಲೆ ಅವರೇ ಒಂದು ಉಪಾಯ ಮಾಡಿದರು. ಅಂಗುಳು ತುರಿಸಿದ ಕೂಡಲೇ ನಾನು ಎಡಗೈ ಎತ್ತಬೇಕು, ಅವರು ಒಂದು ವಿಶಿಲ್ ಊದುತ್ತಾರೆ, ಯಾರೋ ಹತ್ತುವವರು ಇದ್ದಾರೆಂಬಂತೆ ನಾನು ಬಸ್ಸು ಬದಿಗೆ ಹಾಕಬೇಕು. ನಾನು ಟವೆಲಿನೊಳಗೆ ಮುಖ ಹುದುಗಿಸಿ ಸೀನಿ ಮುಗಿಸುವವರೆಗೆ ಅವರು ಬಾಗಿಲಲ್ಲಿ ನಿಂತು ಖಾಲಿ ರಸ್ತೆಗೆ ಕೂಗುತ್ತಿದ್ದರು, "ಬರುವುದಾದರೆ ಬೇಗ ಬನ್ನಿ, ಟೈಮ್ ಇಲ್ಲ!"

"ಯಾರನ್ನು ಕರೆಯುವುದು ಮಾರಾಯ್ರೇ? ಅಲ್ಲಿ ಮರ ಮಾತ್ರ ಉಂಟು" ಎಂದು ಒಬ್ಬರು ಕೇಳಿದ್ದರು.

"ಒಬ್ಬರು ಕೈ ತೋರಿಸಿದ ಹಾಗೆ ಆಯ್ತು. ಈಗ ಕಾಣುವುದಿಲ್ಲ" ಎಂದು ಇವರು ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಿಸದೆ ಉತ್ತರ ಕೊಟ್ಟರು.

ತೋಪು ಬರುವ ಮೊದಲು ಎಲ್ಲರಿಂದ ಕಿಟಕಿಯ ಶಟರ್ ಹಾಕಿಸುತ್ತಿದ್ದರು. ನಮ್ಮೂರಿನ ಸೆಕೆ ಗೊತ್ತಲ್ಲ, ಶಟರ್ ಹಾಕಿದ ಬಸ್ಸು ಇಡ್ಲಿ ಬೇಯಿಸುವ ಪಾತ್ರೆಯ ಹಾಗೆ. ಜನ ಬೆವರಿ ಬೈಯುತ್ತಿದ್ದರು. "ಮಳೆ ಎಲ್ಲಿ ಉಂಟು, ನಿಮಗೆ ತಲೆ ಸರಿ ಉಂಟಾ?" ಅದಕ್ಕೆ ಇವರದು ದಿನಕ್ಕೊಂದು ಸುಳ್ಳು. ಮುಂದೆ ರೋಡ್ ಕೆಲಸ ಉಂಟು, ಮುಂದೆ ಜೇನು ಎದ್ದಿದೆ... ಜೇನು ಎಂದ ದಿನ ಮಾತ್ರ ಎಲ್ಲರೂ ಕೂಡಲೇ ಹಾಕಿದರು. ನಾನು ಟವೆಲಿನೊಳಗೇ ನಕ್ಕೆ.

ಹೀಗೆ ನಿಲ್ಲಿಸಿ ನಿಲ್ಲಿಸಿ ನಮ್ಮ ಟೈಮಿಂಗ್ ಹಾಳಾಯಿತು. ಹಿಂದಿನ ಬಸ್ಸಿನವರು ನಮ್ಮ ಬೆನ್ನಿಗೆ ಬಂದು ಹಾರ್ನ್ ಹೊಡೆಯುತ್ತಿದ್ದರು, ಕಾರ್ಕಳ ಸ್ಟ್ಯಾಂಡಿನಲ್ಲಿ ಜಗಳಕ್ಕೆ ಬರುತ್ತಿದ್ದರು. ಆ ಬೈಗುಳವನ್ನೆಲ್ಲ ಕಂಡಕ್ಟರಣ್ಣನೇ ತಿಂದರು. ಹೂ ಉದುರಿ ನನ್ನ ಮೂಗು ತಾನಾಗಿ ಸರಿಯಾಯಿತು. ಪೀಡೆ ತೊಲಗಿತು ಎಂದುಕೊಂಡೆ. ಮರುವರ್ಷ ಸರಿಯಾಗಿ ಅದೇ ಹೊತ್ತಿಗೆ, ಮೊದಲಿನ ಎರಡರಷ್ಟು ಜೋರಾಗಿ ಬಂತು. ಸೀನಿನ ಜೊತೆಗೆ ಈಗ ಎದೆಯೂ ಕಟ್ಟುತ್ತಿತ್ತು.

ಆ ವರ್ಷ ಒಂದು ರಜೆಯ ದಿನ ಅವರು ನನ್ನನ್ನು ಕಾಪುವಿಗೆ ಕರೆದುಕೊಂಡು ಹೋದರು. ಕಡಲ ಬದಿಯಲ್ಲಿ ಸುಮ್ಮನೆ ಕುಳಿತಿದ್ದೆವು. ಗಾಳಿ ಸಮುದ್ರದಿಂದ ಬೀಸುತ್ತಿತ್ತು. ಅರ್ಧ ಗಂಟೆಯಾಗಿರಬೇಕು, ಟಪ್ಪೆಂದು ನನ್ನ ಮೂಗು ತೆರೆಯಿತು! ಮೊದಲು ಬಂದದ್ದು ಒಣಗಲು ಹಾಕಿದ ಮೀನಿನ ವಾಸನೆ. ಅದು ಅಷ್ಟು ಚಂದದ ವಾಸನೆಯೆಂದು ನನಗೆ ಗೊತ್ತೇ ಇರಲಿಲ್ಲ. ಅವರ ಮನೆಯಲ್ಲಿ ಬಂಗುಡೆಯ ಸಾರಿನಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡೆ. ಅವರ ಹೆಂಡತಿ "ಹೂ ಇರುವವರೆಗೆ ವಾರಕ್ಕೊಮ್ಮೆ ಇಲ್ಲಿಗೆ ಬನ್ನಿ" ಎಂದರು. ಕಂಡಕ್ಟರಣ್ಣ ನನ್ನನ್ನೇ ನೋಡುತ್ತಿದ್ದರು. "ನೋಡು, ನನಗೆ ಬೋಟು ಆಗುವುದಿಲ್ಲ ಅಂತ ಹದಿನೆಂಟು ವರ್ಷಕ್ಕೇ ಒಪ್ಪಿಕೊಂಡೆ. ಊರೆಲ್ಲ ನಗಾಡಿತು. ಆಗುವುದಿಲ್ಲ ಅಂದರೆ ಆಗುವುದಿಲ್ಲ" ಎಂದರು. ನನಗೆ ಸಿಟ್ಟು ಬಂತು. ನನ್ನ ಡ್ರೈವಿಂಗಿಗೂ ಇವರ ವಾಂತಿಗೂ ಏನು ಸಂಬಂಧ ಎಂದು ಒಳಗೊಳಗೇ ಕುದಿದೆ.

ವಾರಕ್ಕೊಂದು ದಿನ ಮೂಗು ತೆರೆದು ಏನು ಪ್ರಯೋಜನ, ಉಳಿದ ಆರು ದಿನ ಬಸ್ಸು ಬಿಡಬೇಕಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೇಳಿ ಒಂದು ಮಾತ್ರೆ ತಂದೆ. ಮಂತ್ರ ಹಾಕಿದ ಹಾಗೆ ಸೀನು ನಿಂತಿತು. ಆದರೆ ಮಧ್ಯಾಹ್ನದ ಟ್ರಿಪ್ಪಿನಲ್ಲಿ ರೆಪ್ಪೆ ಸೀಸದ ಹಾಗೆ ಭಾರ. ಕಂಡಕ್ಟರಣ್ಣ ಅದನ್ನೂ ಕಂಡುಹಿಡಿದರು. "ಸೀನು ಬರುವುದು ನಿನಗೆ ಮೊದಲೇ ಗೊತ್ತಾಗುತ್ತದೆ, ಕೈ ಎತ್ತುತ್ತೀ. ನಿದ್ರೆ ಬಂದರೆ ಯಾರಿಗೆ ಗೊತ್ತಾಗುತ್ತದೆ? ಮಾತ್ರೆ ತಿಂದ ದಿನ ಬಸ್ ಹತ್ತಬೇಡ" ಎಂದು ಕೈ ಹಿಡಿದು ಹೇಳಿದರು. ಆಯ್ತು ಎಂದೆ.

ಆ ದಿನ ಬೆಳಿಗ್ಗೆ ಕೇಳಿದ್ದರು, "ಮಾತ್ರೆ ತಿಂದಿದ್ದೀಯಾ?"

"ಇಲ್ಲ" ಎಂದಿದ್ದೆ. ಒಂದಲ್ಲ, ಎರಡು ತಿಂದಿದ್ದೆ.

ಬಜಗೋಳಿಯಿಂದ ವಾಪಸು ಬರುತ್ತಿದ್ದೆವು. ಕಾರ್ಕಳಕ್ಕೆ ಸ್ವಲ್ಪ ಮೊದಲು ಒಂದು ತಿರುವು. ತಿರುವು ಕಂಡದ್ದು ನೆನಪುಂಟು, ತಿರುಗಿಸಿದ್ದು ನೆನಪಿಲ್ಲ... ದಡಬಡ ಶಬ್ದಕ್ಕೆ ಕಣ್ಣು ಬಿಟ್ಟರೆ ಎಡದ ಚಕ್ರಗಳು ಮಣ್ಣಿಗೆ ಇಳಿದಿದ್ದವು. ಎದುರಿಗೆ ಬಸ್ಸಿಗೆ ಕೈ ಅಡ್ಡ ಹಿಡಿದ ಒಬ್ಬ ಹೆಂಗಸು. ಬ್ರೇಕಿನ ಮೇಲೆ ಎದ್ದೇ ನಿಂತೆ. ಬಸ್ಸು ನಿಂತಾಗ ಅವಳು ಕಾಣಲಿಲ್ಲ. ಆ ಎರಡು ಕ್ಷಣ ನಾನು ಸತ್ತೇ ಹೋಗಿದ್ದೆ ಅನ್ನಬೇಕು.

ಅವಳು ಹಿಂದಕ್ಕೆ ಹಾರಿ ಕುಳಿತ ಹಾಗೆ ಬಿದ್ದಿದ್ದಳು. ಕಂಡಕ್ಟರಣ್ಣ ಹಾರಿ ಇಳಿದು ಅವಳನ್ನು ಎಬ್ಬಿಸಿದರು. ಅವಳ ಬಸಳೆಯ ಕಟ್ಟುಗಳು ಚೆಲ್ಲಾಪಿಲ್ಲಿಯಾಗಿದ್ದವು. ಒಂದೊಂದನ್ನೇ ಹೆಕ್ಕಿ ಮಣ್ಣು ಕೊಡವಿ ಬುಟ್ಟಿಗೆ ಹಾಕಿದರು. "ನಿಮ್ಮ ಡ್ರೈವರಿಗೆ ಕಣ್ಣು ಎಲ್ಲಿ ಉಂಟು?" ಎಂದು ಅವಳು ಕೂಗುತ್ತಿದ್ದಳು. ಕಂಡಕ್ಟರಣ್ಣ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಇಳಿದು ನಿಂತಿದ್ದವರೆಲ್ಲ ಹತ್ತಿದರು. ನಾನು ಗೇರ್ ಹಾಕಿ ಕಾದೆ. ವಿಶಿಲ್ ಇಲ್ಲ.

"ರೈಟ್ ಕೊಡಿ" ಎಂದೆ.

ಅವರು ಎಂಜಿನ್ ಬಾನೆಟ್ಟಿನ ಹತ್ತಿರ ಬಂದು ಬಗ್ಗಿದರು. ವಿಶಿಲನ್ನು ಕಿಸೆಗೆ ಹಾಕಿದರು. "ಕೊಡುವುದಿಲ್ಲ."

"ಎಂತ?"

"ಇನ್ನು ನಾನು ರೈಟ್ ಕೊಟ್ಟು ಯಾರಿಗಾದರೂ ಏನಾದರೂ ಆದರೆ, ಮಾಡಿದ್ದು ನಾನೇ ಆಗುತ್ತೇನೆ. ಇಳಿ ಮಾರಾಯ. ದಮ್ಮಯ್ಯ, ಇಳಿ."

ಅಷ್ಟು ಜನರ ಎದುರಿಗೆ! ನಾನು ಸ್ಟೀರಿಂಗ್ ಹಿಡಿದು ಕುಳಿತೇ ಇದ್ದೆ. ಅವರು ಜನರನ್ನೆಲ್ಲ ಇಳಿಸಿ ಹಿಂದಿನಿಂದ ಬಂದ ಬಸ್ಸಿಗೆ ಹತ್ತಿಸಿದರು. ಟೈಮಿಂಗಿಗಾಗಿ ದಿನವೂ ನಮ್ಮೊಡನೆ ಕಾದಾಡುತ್ತಿದ್ದ ಬಸ್ಸು ಅದು. ಅದರ ಡ್ರೈವರ್ ನನ್ನನ್ನು ನೋಡಿ ನಕ್ಕ ಹಾಗೆ ನನಗೆ ಕಂಡಿತು. ನಿಜವಾಗಿ ನಕ್ಕನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅಲ್ಲಿಂದ ನಾನು ಕಂಡಕ್ಟರಣ್ಣನ ಜೊತೆ ಮಾತು ಬಿಟ್ಟೆ.

ಸಂಜೆ ಅವರು ಮಾಲಕರ ಮನೆಗೆ ಹೋಗಿ ಎಲ್ಲ ಹೇಳಿದರು. "ಎರಡು ವರ್ಷದಿಂದ ಮುಚ್ಚಿಟ್ಟವನು ನಾನೇ, ಅವನಿಗೆ ಮದ್ದು ಮಾಡಿಸಿ" ಎಂದರಂತೆ. ಮಾಲಕರು ನನಗೆ ಎರಡು ತಿಂಗಳು ರಜೆ ಕೊಟ್ಟು ಮಣಿಪಾಲದ ಒಬ್ಬ ಡಾಕ್ಟರರ ಬಳಿಗೆ ಕಳಿಸಿದರು. ಕಂಡಕ್ಟರಣ್ಣನನ್ನು ಕೆಲಸದಿಂದ ತೆಗೆದರು. ಡ್ರೈವರ್ ಸಿಗುವುದು ಕಷ್ಟ, ಕಂಡಕ್ಟರ್ ಸಿಗುತ್ತಾರೆ. ಅಷ್ಟೇ ನ್ಯಾಯ.

ಡಾಕ್ಟರು ಮುಂಗೈಯಲ್ಲಿ ಸಾಲಾಗಿ ಚುಚ್ಚಿ ನೋಡಿದರು. ಕೆಲವು ಕಡೆ ಸೊಳ್ಳೆ ಕಚ್ಚಿದ ಹಾಗೆ ದಪ್ಪಗೆ ಎದ್ದಿತು. ಹೂವಿನ ಪರಾಗದ ಅಲರ್ಜಿ, ನಲವತ್ತರ ಹತ್ತಿರವೂ ಹೊಸದಾಗಿ ಬರಬಹುದು, ಇದೇನು ದೊಡ್ಡ ರಹಸ್ಯವಲ್ಲ ಎಂದರು. ಹೂ ಬಿಡುವ ಮೊದಲೇ ಶುರು ಮಾಡಬೇಕೆಂದು ಮೂಗಿನ ಸ್ಪ್ರೇ ಬರೆದರು. ನಿದ್ರೆ ತರುವ ಆ ಮಾತ್ರೆ ತಿಂದು ಬಸ್ಸು ಓಡಿಸಿದ್ದನ್ನು ಕೇಳಿ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಎರಡು ವರ್ಷ ನಾನು ಹೆದರಿ ಹೋಗದೆ ಇದ್ದದ್ದು ಈ ಅರ್ಧ ಗಂಟೆಯ ಕೆಲಸಕ್ಕೆ.

ಅವರ ಕೆಲಸ ಹೋದದ್ದು ನನಗೆ ಅದೇ ವಾರ ಗೊತ್ತಾಗಿತ್ತು. ಗೊತ್ತಿಲ್ಲದೆ ಅವರನ್ನು ನೋಡಲು ಹೋಗಲಿಲ್ಲ ಎಂದು ಸುಳ್ಳು ಬರೆಯಲಾರೆ. ಗೊತ್ತಿದ್ದೂ ಹೋಗಲಿಲ್ಲ. ಅವರು ಒಮ್ಮೆ ನಮ್ಮ ಮನೆಗೆ ಬಂದಾಗ ಒಳಗೆ ಮಲಗಿ, ನಿದ್ರೆ ಬಂದಿದೆ ಎಂದು ಹೆಂಡತಿಯಿಂದ ಹೇಳಿಸಿದೆ. ಮೊದಮೊದಲು ಸಿಟ್ಟು, ಆಮೇಲೆ ನಾಚಿಕೆ. ಸಿಟ್ಟಿಗಿಂತ ನಾಚಿಕೆ ಹೆಚ್ಚು ದೂರ ನಿಲ್ಲಿಸುತ್ತದೆ. ಅವರು ಮಲ್ಪೆಯಲ್ಲಿ ಬಲೆ ನೇಯುವ ಕೆಲಸಕ್ಕೆ ಸೇರಿದರೆಂದು ಯಾರೋ ಹೇಳಿದರು. ಆ ವಯಸ್ಸಿನಲ್ಲಿ, ದಡದಲ್ಲಿ ಕುಳಿತು...

ಕೊನೆಯ ಸಲ ನೋಡಿದ್ದು ಎರಡೂವರೆ ವರ್ಷದ ಮೇಲೆ, ಒಂದು ಬೇಸಿಗೆಯಲ್ಲಿ, ಉಡುಪಿಯ ಸ್ಟ್ಯಾಂಡಿನಲ್ಲಿ. ನನ್ನ ಬದಿಯ ಕಿಟಕಿಯ ಕೆಳಗೆ ಬಂದು ನಿಂತರು.

"ಮೂಗು ಹೇಗುಂಟು?"

"ಪರವಾಗಿಲ್ಲ."

"ಕಡಿಮೆಯಾಯ್ತು ಅಂತ ಸ್ಪ್ರೇ ಬಿಡಬೇಡ."

ಹಿಂದಿನಿಂದ ಎರಡು ವಿಶಿಲ್ ಬಂತು. ನಾನು ಹೊರಟೆ. ಅರ್ಧ ನಿಮಿಷ ನಿಂತಿದ್ದರೆ ಯಾವ ಆಕಾಶ ಬೀಳುತ್ತಿತ್ತು?

ಅದೇ ಮಳೆಗಾಲದಲ್ಲಿ ಎದೆನೋವಿನಿಂದ ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಕಾಪುವಿಗೆ ಹೋದೆ. ಅವರ ಹೆಂಡತಿ ನನ್ನ ಎಲೆಗೆ ಅನ್ನ ಬಡಿಸುತ್ತಾ, "ಹೂ ಬಿಟ್ಟಾಗಲೆಲ್ಲ ಹೇಳುತ್ತಿದ್ದರು, ಮೂಗು ಕಟ್ಟಿದರೆ ಅವನು ಇಲ್ಲಿಗೆ ಬರುತ್ತಾನೆ, ಬಂಗುಡೆ ತಂದಿಡುವ ಅಂತ. ಎರಡು ಸಲ ತಂದೂ ಇಟ್ಟಿದ್ದರು" ಎಂದರು. ಬೈದು ಹೇಳಿದ್ದಲ್ಲ.

ಇವತ್ತು ಗಾಜು ಒರೆಸಿ ಮುಗಿಸುವಷ್ಟರಲ್ಲಿ ಒಂಬತ್ತು ಸೀನು ಬಂತು. ಈ ವರ್ಷ ಉದಾಸೀನದಿಂದ ಮದ್ದು ಶುರು ಮಾಡಿದ್ದು ತಡವಾಗಿದೆ. ಕಣ್ಣು ಉರಿಯುತ್ತಿತ್ತು, ಎದೆಯಲ್ಲಿ ಸುಯ್ ಎನ್ನುವ ಶಬ್ದ. ಬಸ್ಸಿನಲ್ಲಿ ಆಗಲೇ ಜನ ಕುಳಿತಿದ್ದರು. ನಾನು ಇಳಿದು ಹೋಗಿ ಮಾಲಕರ ಕೈಗೆ ಕೀ ಕೊಟ್ಟೆ. "ಇವತ್ತು ನನ್ನಿಂದ ಆಗುವುದಿಲ್ಲ. ಬೇರೆಯವರನ್ನು ಕಳಿಸಿ" ಎಂದೆ. ಇಷ್ಟು ವರ್ಷದಲ್ಲಿ ಇದೇ ಮೊದಲು. ಯಾರೂ ಬೈಯಲಿಲ್ಲ, ಯಾರೂ ನಗಲಿಲ್ಲ. ಇನ್ನೊಬ್ಬ ಡ್ರೈವರ್ ಬಂದ, ಬಸ್ಸು ಜನರನ್ನು ಕರೆದುಕೊಂಡು ಹೋಯಿತು.

ಸ್ಟ್ಯಾಂಡಿನ ಬೆಂಚಿನಲ್ಲಿ ಕುಳಿತು ಮನೆಗೆ ಫೋನ್ ಮಾಡಿದೆ. "ಒಳ್ಳೆಯದಾಯ್ತು, ಬನ್ನಿ" ಎಂದಳು ಹೆಂಡತಿ. ಅವಳಿಗೆ ಹೇಳಿ ಸಮಾಧಾನವಾಗಲಿಲ್ಲ. ಎದುರಿಗೆ ಕಾಪು ಬಸ್ಸು ನಿಂತಿತ್ತು, ಸೀಟೂ ಖಾಲಿ ಇತ್ತು. ಎದ್ದು ಅದರ ಬಾಗಿಲವರೆಗೆ ಹೋದೆ. "ಹತ್ತುವುದಾದರೆ ಹತ್ತಿ" ಎಂದ ಕಂಡಕ್ಟರ್. ಹತ್ತಲಿಲ್ಲ. ನಾನೇ ಇಳಿದೆ ಎಂದು ಅಲ್ಲಿ ಹೋಗಿ ಇನ್ನು ಯಾರಿಗೆ ಹೇಳಲಿ?