ದೊಡ್ಡಿಯಲ್ಲಿ ಬಾರದ ಸುಳ್ಳು

ಕೆನಡಾದಲ್ಲಿದ್ದ ಚಿಕ್ಕಪ್ಪನ ಮನೆಗೆ ಹೋಗಿ, ವೀಸಾ ಮುಗಿದ ಮೇಲೂ ಅಲ್ಲೇ ಉಳಿದಿದ್ದವಳು ನಾನು. ತೊಂಬತ್ತರ ದಶಕದ ಕೊನೆಯಲ್ಲಿ ತಮಿಳುನಾಡಿನ ನಮ್ಮೂರು ಕಂಬಂಗೆ ಮರಳಿ, ಮತ್ತೆ ಕೆನಡಾಕ್ಕೆ ಹೋಗಿ ಓದಲು ಅನುಮತಿ ಕೇಳಿ ಅರ್ಜಿ ಹಾಕಿದೆ. ವೀಸಾ ಮೀರಿ ಉಳಿದಿದ್ದನ್ನು ಮುಚ್ಚಿಡು ಎಂದ ದಿಂಡಿಗಲ್ಲಿನ ವೀಸಾ ಏಜೆಂಟ್, ಮಹಾ ಬುದ್ಧಿವಂತ.

ಅಪ್ಪ ನನ್ನನ್ನು ನಮ್ಮವರ ದೇವರ ದನಗಳ ದೊಡ್ಡಿಗೆ ಕರೆದೊಯ್ದ. ಅಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ, ಸುಳ್ಳಾಡುವಂತಿಲ್ಲ.

"ಆ ಏಜೆಂಟ ಏಳಿಕೊಟ್ಟ ಸುಳ್ಳ ಇಲ್ಲಿ ಏಳು ಪಾಪ್ಪಾ," ಎಂದ.

ನಾನು ದನಗಳಿಗೆ ಕೈಮುಗಿದು ಹೊರಬಂದೆ.

ಕೆನಡಾದ ವೀಸಾ ಕಚೇರಿಯ ಬಾಗಿಲಲ್ಲೂ ನಾನು ಚಪ್ಪಲಿ ಕಳಚಿದೆ. ಕಾವಲುಗಾರ ನಕ್ಕ. ಒಳಗೆ ಹೋಗಿ ಅಧಿಕಾರಿಗೆ ಎಲ್ಲ ಹೇಳಿದೆ. ಅನುಮತಿ ಸಿಗಲಿಲ್ಲ.

ಊರಿಗೆ ಬಂದಿಳಿದು, ಕಾದಿದ್ದ ಅಪ್ಪನಿಗೆ ನಡೆದದ್ದು ಹೇಳಿದೆ. ಅವನು ಬಸ್ ಸ್ಟ್ಯಾಂಡಿನಿಂದ ಮನೆಯವರೆಗೂ ಎದುರಾದವರಿಗೆಲ್ಲ ಹೇಳಿದ: "ವೀಸಾ ಯಾರ್ ಬೇಕಾದ್ರೂ ತತ್ತಾರೆ. ನನ್ ಮಗ್ಳು ನಿಜ ಏಳಿ ಬಂದವ್ಳೆ!"